ಒಗೆದ ಸೀರೆ

ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಶಿರಹಟ್ಟಿ ಗಾಡಿಗೆ ಕಾದು ಕಾದು ರೇಣುಕವ್ವ ಬೇಸತ್ತಿದ್ದಳು. ಪಕ್ಕದಲ್ಲಿ ನಾಯಕರ ಓಣಿಯ ಹನಮವ್ವ ಸೆರಗನ್ನು ಪರದೆಯಂತೆ ಹಿಡಿದು ನಿಂತಿದ್ದಳು. ಅದರ ಮರೆಯಲ್ಲಿ ಹನಮವ್ವನ ಸೊಸೆ ಸೀಮಾ ಕೂಸಿಗೆ ಹಾಲುಣಿಸುತ್ತಿದ್ದಳು.

“ಅತ್ತಿ, ಪರೀಕ್ಷಾ ಮುಗಿಸಿ ಗದಗಿನಿಂದ ಬರೂದ್ರಾಗ ಸಂಜಿ ಆಕ್ಕೈತಿ. ಹಿಂಡಿಟ್ಟ ಹಾಲು ಕುಡೀತಾನೇನ್ರಿ?”

“ಮೊನ್ನೆ ಕುಡದಾನಲ್ಲ. ನೀ ಉಟ್ಟು ಬಿಟ್ಟ ಸೀರಿ ನಾ ಉಟ್ಟಿದ್ದೆ. ನಿನ್ನ ವಾಸನಿಗೆ ಸುಮ್ಮನ ಕುಡದ.”

“ಇವತ್ತೂ ಅದನ್ನ ಉಟ್ಟೀರಿ, ಚಲೋ ಆತು.”

“ಹೂಂನವಾ. ಮಂದ್ಯಾಗ ಬರೂದೈತಿ ಅಂತ ನಿನ್ನೆ ಒಗದು…”

ಹನಮವ್ವ ನಾಲಿಗೆ ಕಚ್ಚಿಕೊಂಡಳು.

“ಅಯ್ಯ, ಸಾಬೂನು ಹಚ್ಚೀರೇನ್ರಿ?”

“ಎರಡು ಸಲ.”

ಗದಗಿನ ಗಾಡಿ ಬಂದು ನಿಂತಿತು.

“ನಾ ಹೋಗಂಗಿಲ್ರಿ.”

“ಹುಚ್ಚಿ! ನಿನ್ನ ಮೈಮ್ಯಾಲಿನ ಸೀರಿ ನನಗ ಕೊಡು, ಇದನ್ನ ನೀ ಉಡು. ಹೆಂಗಸರ ಖೋಲಿ ಅಲ್ಲೇ ಐತಿ, ನಡಿ ಜಲ್ದಿ.”

ಕೂಸನ್ನು ರೇಣುಕವ್ವನ ಮಡಿಲಿಗೆ ಹಾಕಿ ಇಬ್ಬರೂ ಓಡಿದರು. ಕೂಸು ಚೀರಿತು. ಕಂಡಕ್ಟರ್ ಸೀಟಿ ಊದಿದ, ಮತ್ತೆ ಊದಿದ.

ಸೀಮಾ ನೆರಿಗೆ ಹಿಡಿದುಕೊಂಡೇ ಬಸ್ ಹತ್ತಿದಳು. ಹನಮವ್ವ ಎತ್ತಿಕೊಂಡದ್ದೇ ತಡ, ಕೂಸು ಅವಳ ಸೆರಗಿಗೆ ಮೂಗು ಒತ್ತಿ ಅಳು ನಿಲ್ಲಿಸಿತು.

ಗಾಡಿ ಹೊರಟಿತು. ಕಿಟಕಿಯಿಂದ ಸೀಮಾ ಕೂಗಿದಳು:

“ಅತ್ತಿ, ನಾ ಬರೂತನಕ ಒಗೀಬ್ಯಾಡ್ರಿ!”