ಸುಧಾರಾಣಿ ಹಟ ಹಿಡಿದ ಹಗುರ ಫ್ಲೈವೀಲ್

ಮೊಮ್ಮಗ ವಿಜಯಮಹಾಂತೇಶ ತೀರಿಕೊಂಡ ಸುದ್ದಿ ತಿಳಿದ ದಿನ ಅಜ್ಜ ಪರಮೇಶಪ್ಪನವರು ರಾತ್ರಿಯವರೆಗೂ ಪೂಜೆಯಿಂದ ಏಳಲೇ ಇಲ್ಲ. ತೀರಿದವನ ಹೆಸರಲ್ಲಿ ಮಾಡುವ ಶಿವಗಣಾರಾಧನೆ ಮುಗಿದ ಮೇಲೆ, ಇಂದು ರಾಣೆಬೆನ್ನೂರಿನ ಗ್ಯಾರೇಜಿನ ಬಾಗಿಲಲ್ಲಿ ಕುಳಿತಿದ್ದರು. ಒಳಗೆ ಆ ಮೊಮ್ಮಗನ ಸ್ಪೋರ್ಟ್ಸ್ ಕಾರಿನ ಬಳಿ ಅವನ ತಂಗಿ ಸುಧಾರಾಣಿಗೂ ಮಿಸ್ತ್ರಿ ಕನಕಪ್ಪನಿಗೂ ಫ್ಲೈವೀಲ್, ಅಂದರೆ ಎಂಜಿನ್ನಿನ ತಿರುಗುವ ಭಾರದ ಚಕ್ರದ ಬಗ್ಗೆ ಮಾತು ಬೆಳೆದಿತ್ತು.

“ಹಗುರ ಫ್ಲೈವೀಲ್ ಹಾಕಿದ್ರ ಎಂಜಿನ್ ವೇಗ ಲಗೂ ಏರ್ತೈತಿ ಖರೆ. ಕ್ಲಚ್ಚು ಚೂರು ತಪ್ಪಿದ್ರ ಬಂದ್ ಬೀಳ್ತೈತಿ, ತಂಗಿ,” ಎಂದ ಕನಕಪ್ಪ.

“ಅಣ್ಣ ಆರಿಸಿದ್ದು ಅದನ್ನ. ಅದನ್ನ ಹಾಕ್ರಿ.”

“ಓಡಸಾಂವ ಹೋದ. ಅವನ ಅಂಗಿ-ಅರಿವಿ ದಾನ ಕೊಟ್ಟಂಗ ಕಾರೂ ಕೊಟ್ಟುಬಿಡ್ರಿ.”

“ಅರಿವಿ ಕೊಟ್ಟೇವ್ರಿ. ಕಾರು ನಾ ಓಡಸ್ತೇನಿ.”

“ಪ್ಯಾಟ್ಯಾಗ ಬಂದ್ ಬಿದ್ರ ಮಂದಿ ನಗ್ತಾರ.”

“ನಗೋ ಮಂದೀನ ಕರದು ನೂಕಸ್ತೇನಿ.”

“ಆತು ತಾಯಿ, ಹಗುರಾದ್ದ ತರೂಣು ಬಾ.”

ಇಬ್ಬರೂ ಬಿಡಿಭಾಗದ ಅಂಗಡಿಗೆ ಹೊರಟರು. ಅಜ್ಜ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದರು: “ಶಿವನೇ, ಹೋದ ನನ್ನ ಕೂಸು ನಿನ್ನ ಪಾದದಾಗ ಸಮಾಧಾನದಿಂದ ಇರಲಿ.”