ಅಡುಗೆಮನೆ ಬಾಗಿಲಿನ ಖಾಲಿ ಚೌಕ

ಆಗಲೇ ಗಡಿಯಾರ ನೋಡುತ್ತಿರುವ ಮಾನ್ಯ ಅಧ್ಯಕ್ಷರೇ, ಗಣಿತ ವಿಭಾಗದ ಮೇಷ್ಟ್ರುಗಳೇ, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದು ಅವರಿಗಿಂತ ಹೆಚ್ಚು ಬೆವರುತ್ತಿರುವ ತಂದೆತಾಯಂದಿರೇ, ಸಭಿಕರೇ,

ಹಿರಿಯ ವಿದ್ಯಾರ್ಥಿಗಳ ಮನೆಯವರ ಪರವಾಗಿ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅನ್ವಯಿಕ ಗಣಿತ ಎಂದರೇನು ಎಂದು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ, ಆಮೇಲೆ ಮೇಷ್ಟ್ರುಗಳಿಗೆ ಕಷ್ಟವಾಗುತ್ತದೆ.

ನನ್ನ ಮೊಮ್ಮಗಳು ಈ ಪದವಿಗೆ ಸೇರಿದಾಗ, ನಾಲ್ಕು ವರ್ಷದ ಯೋಜನೆಯನ್ನು ಅಡುಗೆಮನೆ ಬಾಗಿಲಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆದಳು. ಒಂದೊಂದು ಪಾಠಕ್ಕೆ ಒಂದೊಂದು ಚೌಕ. ಯಾವುದು ಮುಗಿದ ಮೇಲೆ ಯಾವುದು ಎಂದು ಬಾಣದ ಗುರುತು. ಮೂರನೇ ವರ್ಷದಲ್ಲಿ ಒಂದು ಚೌಕ ಮಾತ್ರ ಖಾಲಿ. ಅಲ್ಲಿ ಏನೂ ಓದದಿದ್ದರೂ ನಡೆಯುತ್ತಿತ್ತಂತೆ.

ಖಾಲಿ ಜಾಗ ಕಂಡರೆ ಮನೆಯವರು ಸುಮ್ಮನಿರುತ್ತಾರೆಯೇ? ನನ್ನ ಮಗ 'ಬ್ಯಾಂಕಿಂಗ್' ಎಂದು ಬರೆದ. ಸೊಸೆ ಅದರ ಕೆಳಗೆ 'ಇಂಗ್ಲಿಷ್' ಎಂದಳು. ಹಾಲು ತರಲು ಹೋಗುವಾಗಲೂ ಸಲಹೆ ಕೊಡುವ ಮೊಮ್ಮಗಳ ಸೋದರಮಾವ 'ಶೇರು ಮಾರುಕಟ್ಟೆ' ಎಂದು ದಪ್ಪಕ್ಷರದಲ್ಲಿ ಗೀಚಿದ. ನಾನೂ ಬಿಡಲಿಲ್ಲ. ಮೂಲೆಯಲ್ಲಿ ಸಣ್ಣದಾಗಿ 'ಮನೆ' ಎಂದು ಬರೆದೆ. ಅಷ್ಟು ದಿನವಾದರೂ ಹಾಸ್ಟೆಲ್ ಬಿಟ್ಟು ಬರಲಿ ಎಂದು. ಇರಲಿ, ಅದು ಬೇರೆ ಮಾತು.

ಮೊಮ್ಮಗಳು ಒದ್ದೆಬಟ್ಟೆ ತಂದು ಎಲ್ಲವನ್ನೂ ಒರೆಸಿದಳು. "ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಯಾರೂ ಮುಟ್ಟಬೇಡಿ!" ನಾನು ಬರೆದದ್ದೂ ಹೋಯಿತು. ಚುರುಕ್ ಎಂದಿತು, ಸುಳ್ಳೇಕೆ ಹೇಳಲಿ.

ಎರಡನೇ ವರ್ಷ ಒಂದು ಪಾಠ ಕೈಕೊಟ್ಟಿತು. ಅವಕಲ ಸಮೀಕರಣ. ಆ ಹೆಸರು ನನ್ನ ನಾಲಿಗೆಗೆ ಹತ್ತಲು ವಾರ ಬೇಕಾಯಿತು. ಅದು ಪಾಸಾಗದೆ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೊನೆಯ ವರ್ಷದ ಪಾಠಕ್ಕೆ ಸೇರಿಸಿಕೊಳ್ಳುವುದಿಲ್ಲ. ಹುಡುಗಿ ಈ ಪದವಿಗೆ ಬಂದದ್ದೇ ಆ ಪಾಠಕ್ಕಾಗಿ.

ಪೆಟ್ಟಿಗೆ ಸಮೇತ ಮನೆಗೆ ಬಂದಳು. "ನನ್ನ ಕೈಲಾಗಲ್ಲ ಅಜ್ಜಿ. ಬಿಟ್ಬಿಡ್ತೀನಿ."

ಒಳಗಿನಿಂದ ನನ್ನ ಮಗ, "ಬ್ಯಾಂಕಿಂಗ್ ತಗೋ ಅಂತ ಆವತ್ತೇ ಬಡ್ಕೊಂಡೆ!" ಎಂದ.

"ನೀನು ಸ್ವಲ್ಪ ಬಾಯಿ ಮುಚ್ಚೋ," ಎಂದು ನಾನು ಅಡುಗೆಮನೆ ಬಾಗಿಲು ಎಳೆದು ಆ ಖಾಲಿ ಚೌಕ ತೋರಿಸಿದೆ. "ಇದನ್ಯಾಕೆ ಖಾಲಿ ಬಿಟ್ಟಿದ್ದೆ ಮಗಾ?"

"ಏನಾದ್ರೂ ಬೇಕಾಗ್ಬಹುದು ಅಂತ."

"ಈಗ ಬೇಕಾಗಿಲ್ವಾ?"

ಅವಳು ಬಾಗಿಲ ಮುಂದೆ ನೆಲದ ಮೇಲೆ ಕೂತಳು. ನಾನು ಒಲೆಯ ಕಡೆ ತಿರುಗಿ ಕೆಲಸ ಮಾಡುವವಳಂತೆ ನಟಿಸಿದೆ. ಆಮೇಲೆ ಸೀಮೆಸುಣ್ಣದ ಸದ್ದು ಕೇಳಿಸಿತು. ಖಾಲಿ ಚೌಕದಲ್ಲಿ ಕೈಕೊಟ್ಟ ಅದೇ ಪಾಠದ ಹೆಸರು ಬರೆಯುತ್ತಿದ್ದಳು.

ಎರಡನೇ ಸಲ ಪಾಸಾದಳು. ಭರ್ಜರಿಯಾಗೇನಲ್ಲ, ಹೊಸಿಲು ದಾಟುವಷ್ಟು. ಈಗ ಆ ಹರಿವಿನ ಪಾಠದಲ್ಲೇ ಮುಳುಗಿದ್ದಾಳೆ. ಮನೆಗೆ ಫೋನು ಮಾಡಲೂ ಪುರುಸೊತ್ತಿಲ್ಲ. ಇವತ್ತು ಮಧ್ಯಾಹ್ನ ನಿಮ್ಮ ಮಕ್ಕಳ ಜೊತೆ ಕೂತು ಯೋಜನೆ ಹಾಕಿಸುವವಳು ಅವಳೇ. ಅಲ್ಲಿ ಒಂದು ಖಾಲಿ ಚೌಕ ಕಂಡರೆ, ತಂದೆತಾಯಂದಿರೇ, ದಯವಿಟ್ಟು ಕೈ ಕಟ್ಟಿಕೊಂಡು ಕೂರಿ. ನಾನು ಈ ವಯಸ್ಸಿನಲ್ಲಿ ಕಲಿತೆ, ನಿಮಗೇನು ಕಷ್ಟ?

ನನಗೆ ಕೊಟ್ಟ ಸಮಯ ಇನ್ನೂ ಉಳಿದಿದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಉಪಕಾರವಾಯಿತು ಸ್ವಾಮಿ. ಅದನ್ನು ಖಾಲಿಯೇ ಬಿಡುತ್ತೇನೆ. ಕರೆದವರಿಗೂ ಕೇಳಿದವರಿಗೂ ನಮಸ್ಕಾರ.