ಮೂರನೇ ಭಾಗ ಮೆಚ್ಚಿದ ಹುಡುಗ

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ, ಸಿನಿಮಾ ಮುಗಿಸಿ ಬಂದ ಇಬ್ಬರು ಗೆಳತಿಯರು ನನ್ನ ಪಕ್ಕ ನಿಂತಿದ್ದರು. ಕೇಳಿಸಿಕೊಳ್ಳಬಾರದಿತ್ತೇನೋ, ಆದರೆ ಕೇಳಿಸಿತು.

“ಥೂ! ಮೊದಲನೇ ಭಾಗದಲ್ಲಿ ಹೀರೋ ಒಂದು ಗೋಡೆ ಹಾರೋಕೂ ಹೆದರ್ತಿದ್ದ. ಅದಕ್ಕೇ ಹಾರಿದಾಗ ಅತ್ಬಿಟ್ವಿ.”

“ಈ ಮೂರನೇದ್ರಲ್ಲಿ ಗ್ರಹಾನೇ ಎತ್ತಿ ಎಸೆದ. ನಂಗೆ ಆಕಳಿಕೆ ಬಂತು ಕಣೇ ಜೋಯಾ.”

“ಭಾನುವಾರ ನನ್ನ ನೋಡೋಕೆ ಬರ್ತಿರೋ ಹುಡುಗನಿಗೆ ಮೂರರಲ್ಲಿ ಇದೇ ಬೆಸ್ಟಂತೆ.”

“ಕರ್ಮ! ಮೊದಲನೇದು ನೋಡಿದಾನಂತಾ?”

“ಇಲ್ವಂತೆ.”

“ನೋಡ್ದೇನೇ ತೀರ್ಪು ಕೊಡೋನಿಗೆ ಹೂಂ ಅಂತೀಯೇನೇ?”

ಬಸ್ ಬಂತು. ಜೋಯಾ ಹತ್ತುತ್ತಾ ಹೇಳಿದಳು:

“ಬಂದ ತಕ್ಷಣ ಟಿವಿ ಮುಂದೆ ಕೂರಿಸಿ ಮೊದಲನೇದು ಹಾಕ್ತೀನಿ. ಗೋಡೆ ಸೀನಲ್ಲಿ ಫೋನ್ ನೋಡಿದ್ನೋ, ಅಮ್ಮಿ ಮಾಡಿರೋ ಬಿರಿಯಾನಿ ತಿಂದು ಎದ್ದು ಹೋಗ್ಲಿ.”